ಲಾಜಿಕ್ ಬಿಟ್ಟರೆ ನಗುವೂ ಹೋಗುತ್ತದೆ

ಮಾನ್ಯ ಸಂಪಾದಕರಿಗೆ,

ಹವ್ಯಾಸಿ ಪತ್ತೇದಾರನೊಬ್ಬ ನಾಯಕನಾಗಿರುವ ಹಾಸ್ಯ-ಥ್ರಿಲ್ಲರ್ ತೆರೆಗೆ ಬಂದಾಗಲೆಲ್ಲ ಸಿನಿಮಾ ಪುಟಗಳಲ್ಲಿ ಒಂದು ಸಲಹೆ ತಪ್ಪದೆ ಕಾಣಿಸುತ್ತದೆ: ‘ಲಾಜಿಕ್ ಹುಡುಕಬೇಡಿ, ಹಾಯಾಗಿ ನಕ್ಕು ಬನ್ನಿ.’ ಒಳ್ಳೆಯ ಮನಸ್ಸಿನಿಂದ ಬರೆದ ಮಾತೇ ಇರಬಹುದು. ಆದರೆ ಈ ಬಗೆಯ ಸಿನಿಮಾಕ್ಕೆ ಇದಕ್ಕಿಂತ ದೊಡ್ಡ ಅನ್ಯಾಯ ಬೇರೆ ಇಲ್ಲ. ಬೇರೆ ಹಾಸ್ಯಚಿತ್ರಗಳಿಗೆ ಈ ಸಲಹೆ ಹೊಂದೀತು. ಗೀಳು ಹತ್ತಿದ ಪತ್ತೇದಾರನ ಕಥೆಯಲ್ಲಿ ನಗು ಹುಟ್ಟುವುದೇ ಲಾಜಿಕ್‌ನಿಂದ. ಚಿತ್ರಕಥೆ ಮತ್ತು ಸಂಕಲನದ ಕೆಲಸ ಬಲ್ಲವರಾಗಿ ನಾವು ಈ ಮಾತನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ಈ ಪಾತ್ರದ ಸ್ವಭಾವ ನೋಡಿ. ಅವನು ತರ್ಕವಿಲ್ಲದವನಲ್ಲ, ತರ್ಕ ಮಿತಿಮೀರಿದವನು. ಬೇರೆಯವರು ಗಮನಿಸದೆ ದಾಟಿ ಹೋಗುವ ಸಣ್ಣ ಸಂಗತಿಯ ಮುಂದೆ ಅವನು ನಿಲ್ಲುತ್ತಾನೆ, ಅಳೆಯುತ್ತಾನೆ, ಬರೆದಿಟ್ಟುಕೊಳ್ಳುತ್ತಾನೆ. ಅವನ ಸುತ್ತಲಿನ ಜಗತ್ತು ಗಟ್ಟಿಯಾಗಿ ತನ್ನ ನಿಯಮದಂತೆ ನಡೆಯುತ್ತಿದ್ದರೆ ಮಾತ್ರ ಅವನ ಅತಿ ನಮಗೆ ಕಾಣುತ್ತದೆ. ಜಗತ್ತೂ ಮನಸ್ಸಿಗೆ ಬಂದಂತೆ ನಡೆಯುತ್ತಿದ್ದರೆ ಅವನ ಅತಿಗೆ ಅಳತೆಗೋಲೇ ಇರುವುದಿಲ್ಲ. ಅವನು ಬರೀ ಗದ್ದಲ ಮಾಡುವ ಇನ್ನೊಬ್ಬ ಕಾಮಿಡಿ ಪಾತ್ರವಾಗಿಬಿಡುತ್ತಾನೆ.

ಇದಕ್ಕಾಗಿಯೇ ಕಟ್ಟಿಕೊಂಡ ಒಂದು ಉದಾಹರಣೆ ನೋಡೋಣ. ನಾಯಕ ಎದುರು ಮನೆಯ ವಿದ್ಯುತ್ ಮೀಟರನ್ನು ದಿನಾ ಗುಟ್ಟಾಗಿ ಓದಿಕೊಳ್ಳುತ್ತಾನೆ. ದಿನಕ್ಕೆ 4 ಯೂನಿಟ್ ಓಡುತ್ತಿದ್ದದ್ದು ಒಂದು ವಾರದಿಂದ 11 ಯೂನಿಟ್ ಓಡುತ್ತಿದೆ. ಆ ಮನೆಯ ಯಜಮಾನ ಕಾಣಿಸುತ್ತಿಲ್ಲ. ಸರಿ, ಶವ ಫ್ರೀಜರ್‌ನಲ್ಲಿದೆ ಎಂದು ನಾಯಕ ತೀರ್ಮಾನಿಸುತ್ತಾನೆ. ಅಲ್ಲಿಂದ ಅವನ ನೋಟ್‌ಬುಕ್‌ ತುಂಬ ಫ್ರೀಜರ್‌ನ ಉದ್ದ, ಅಗಲ, ಮನುಷ್ಯನ ಎತ್ತರ, ಮಂಡಿ ಮಡಚಿದರೆ ಎಷ್ಟು ಜಾಗ ಬೇಕು ಎಂಬ ಲೆಕ್ಕಗಳೇ. ಪ್ರೇಕ್ಷಕ ನಗುತ್ತಾನೆ. ಆದರೆ ತಮ್ಮ ಮನೆಯ ಕರೆಂಟ್ ಬಿಲ್ ಕಟ್ಟುವ ನಾಯಕನ ಅಕ್ಕ ಒಂದೇ ಪ್ರಶ್ನೆ ಕೇಳುತ್ತಾಳೆ: ‘ಒಂದು ಫ್ರೀಜರ್ ದಿನಕ್ಕೆ ಏಳು ಯೂನಿಟ್ ತಿನ್ನುತ್ತಾ?’ ತಿನ್ನುವುದಿಲ್ಲ. ಮನೆಬಳಕೆಯ ಫ್ರೀಜರ್‌ಗೆ ದಿನಕ್ಕೆ ಸಾಮಾನ್ಯವಾಗಿ ಒಂದೆರಡು ಯೂನಿಟ್ ಸಾಕು. ಏಳು ಯೂನಿಟ್ ಹೆಚ್ಚುವರಿ ಎಂದರೆ 1,000 ವ್ಯಾಟ್‌ನ ಹೀಟರ್ 7 ಗಂಟೆ ಉರಿದಿರಬೇಕು, ಇಲ್ಲವೇ 300 ವ್ಯಾಟ್‌ನ ಯಾವುದೋ ಯಂತ್ರ ಹಗಲೂ ರಾತ್ರಿ ನಿಲ್ಲದೆ ಓಡುತ್ತಿರಬೇಕು. ಇಲ್ಲಿಂದ ಕಥೆ ಬೇರೆ ಕಡೆಗೆ ತಿರುಗುತ್ತದೆ. ಗಮನಿಸಬೇಕಾದ್ದು ಇಷ್ಟು: ಅವನು ಕಂಡ ಅಂಕಿ ನಿಜ, ಅಪರಾಧವೂ ನಿಜ, ನಡುವಿನ ಊಹೆ ಮಾತ್ರ ತಪ್ಪು. ಆ ಲೆಕ್ಕವನ್ನು ಪ್ರೇಕ್ಷಕನೂ ಕೂತಲ್ಲೇ ಮಾಡಬಹುದಿತ್ತು. ಮಾಡಲಿಲ್ಲ, ಏಕೆಂದರೆ ಅವನು ಫ್ರೀಜರ್ ನೋಡಿ ನಗುತ್ತಿದ್ದ. ಈ ಸೀನ್‌ನ ಯಶಸ್ಸು ಏಳು ಯೂನಿಟ್‌ನ ಲೆಕ್ಕ ಸರಿಯಾಗಿರುವುದರ ಮೇಲೇ ನಿಂತಿದೆ. ‘ಸಿನಿಮಾ ತಾನೇ’ ಎಂದು ಏಳರ ಬದಲು ಒಂದೂವರೆ ಯೂನಿಟ್ ಬರೆದರೆ ಅಕ್ಕನ ಪ್ರಶ್ನೆ ಸತ್ತುಹೋಗುತ್ತದೆ.

ಈ ಕಟ್ಟು ಹೊಸದೇನಲ್ಲ. 1924ರಲ್ಲಿ ಅಮೆರಿಕದ ಹಾಸ್ಯನಟ-ನಿರ್ದೇಶಕ ಬಸ್ಟರ್ ಕೀಟನ್ ಮಾಡಿದ ‘ಶರ್ಲಾಕ್ ಜೂನಿಯರ್’ ಎಂಬ ಮೂಕಿಚಿತ್ರದ ನಾಯಕ ಚಿತ್ರಮಂದಿರದ ಪ್ರೊಜೆಕ್ಟರ್ ಓಡಿಸುವವನು. ಪತ್ತೇದಾರನಾಗುವುದು ಹೇಗೆಂಬ ಪುಸ್ತಕ ಓದಿಕೊಂಡು, ಅದರಲ್ಲಿ ಹೇಳಿದಂತೆ ಶಂಕಿತನ ಬೆನ್ನಿಗೇ ಅಂಟಿಕೊಂಡು ನಡೆಯುತ್ತಾನೆ, ಕೊನೆಗೆ ಕೆಲಸದ ನಡುವೆ ನಿದ್ದೆ ಹೋಗಿ ಮಹಾ ಪತ್ತೇದಾರನಾದಂತೆ ಕನಸು ಕಾಣುತ್ತಾನೆ. ಕಳುವಾದ ಗಡಿಯಾರದ ಕೇಸನ್ನು ಬಿಡಿಸುವವಳು ನಾಯಕಿ. ಅವಳು ಮಾಡುವುದು ಇಷ್ಟೇ: ಗಿರವಿ ಅಂಗಡಿಗೆ ಹೋಗಿ ಗಡಿಯಾರ ತಂದಿಟ್ಟವನು ಹೇಗಿದ್ದ ಎಂದು ಕೇಳುತ್ತಾಳೆ. ನೂರು ವರ್ಷ ದಾಟಿದ ಮೇಲೂ ಇದು ಗಟ್ಟಿಯಾಗಿ ನಿಂತಿದೆ. ಅವನ ಆಡಂಬರದ ಪಕ್ಕದಲ್ಲಿ ಅವಳ ಸೀದಾ ಪ್ರಶ್ನೆ ಇರುವುದರಿಂದಲೇ ಆಡಂಬರ ನಗು ತರುತ್ತದೆ.

ಸುಳಿವಿನ ಪ್ರಾಮಾಣಿಕತೆಯ ವಿಷಯಕ್ಕೆ ಬರೋಣ. ಪತ್ತೇದಾರಿ ಕಥೆಗಾರ ರೊನಾಲ್ಡ್ ನಾಕ್ಸ್ 1929ರಲ್ಲಿ ಬರೆದ ಹತ್ತು ನಿಯಮಗಳಲ್ಲಿ ಒಂದು: ಪತ್ತೇದಾರನಿಗೆ ಸಿಕ್ಕ ಸುಳಿವು ಆಗಲೇ ಓದುಗನ ಮುಂದೆಯೂ ಬರಬೇಕು. ಸಿನಿಮಾದಲ್ಲಿ ಈ ನಿಯಮಕ್ಕೆ ಇನ್ನೊಂದು ಕಟ್ಟು ಸೇರುತ್ತದೆ: ಕ್ಯಾಮೆರಾ ಸುಳ್ಳು ಹೇಳಬಾರದು. ಪಾತ್ರ ಸುಳ್ಳು ಹೇಳಬಹುದು, ನಾಯಕ ತಪ್ಪಾಗಿ ತಿಳಿಯಬಹುದು. ಆದರೆ ಅವನು ಕಿಟಕಿಯಿಂದ ನೋಡಿದ ಶಾಟ್‌ನಲ್ಲಿ ಚೂರಿ ತೋರಿಸಿ, ಕೊನೆಗೆ ‘ಅದು ಚೂರಿಯಲ್ಲ, ಬಾಚಣಿಗೆ’ ಎಂದು ಬೇರೆ ಶಾಟ್ ತೋರಿಸಿದರೆ ಅದು ಟ್ವಿಸ್ಟ್ ಅಲ್ಲ, ಮೋಸ. ಮೊದಲ ಶಾಟ್‌ನಲ್ಲಿಯೇ ಬಾಚಣಿಗೆ ಇರಬೇಕು. ಬೆಳಕು, ದೂರ, ಪರದೆ, ನಾಯಕನ ಆತುರ ಇವೆಲ್ಲ ಸೇರಿ ನಮಗೂ ಅದನ್ನು ಚೂರಿಯಾಗಿ ಕಾಣಿಸಬೇಕು. ಹಿಚ್‌ಕಾಕ್ ತಮ್ಮ 1950ರ ‘ಸ್ಟೇಜ್ ಫ್ರೈಟ್’ ಚಿತ್ರದಲ್ಲಿ ಸುಳ್ಳು ಫ್ಲ್ಯಾಶ್‌ಬ್ಯಾಕ್ ಒಂದನ್ನು ಇಟ್ಟರು. ಹಾಗೆ ಮಾಡಬಾರದಿತ್ತೆಂದು ಮುಂದೆ ತಾವೇ ಒಪ್ಪಿಕೊಂಡರು. ಅಂಥ ನುರಿತ ನಿರ್ದೇಶಕನ ಕೈಯಲ್ಲೇ ನಿಲ್ಲದ ತಂತ್ರವಿದು.

ಸುಳಿವನ್ನು ಮುಚ್ಚಿಡದೆ ಮರೆಸುವುದು ಹೇಗೆ? ಹಾಸ್ಯ ಇಲ್ಲಿ ಬಹಳ ದೊಡ್ಡ ಸಹಾಯ ಮಾಡುತ್ತದೆ. ಜನ ನಕ್ಕಾಗ ಎರಡು ಮೂರು ಸೆಕೆಂಡ್ ಅವರ ಗಮನ ಸಡಿಲವಾಗುತ್ತದೆ. ಸುಳಿವನ್ನು ಆ ನಗೆಯ ತುಸು ಮೊದಲು ಇಡಬೇಕು. ವಸ್ತುವನ್ನು ಕಣ್ಣು ನೋಡಿರುತ್ತದೆ, ನಗು ಬಂದು ಅದನ್ನು ಹಿಂದಕ್ಕೆ ತಳ್ಳುತ್ತದೆ. ನಗೆಯ ಮೇಲೆಯೇ ಇಟ್ಟರೆ ಕೆಲಸ ಕೆಡುತ್ತದೆ. ಸುಳಿವು ಸಂಭಾಷಣೆಯಲ್ಲಿದ್ದರಂತೂ ತುಂಬಿದ ಚಿತ್ರಮಂದಿರದಲ್ಲಿ ಅದು ಯಾರ ಕಿವಿಗೂ ಬೀಳುವುದಿಲ್ಲ, ಕೊನೆಗೆ ‘ಇದನ್ನು ಹೇಳಿಯೇ ಇರಲಿಲ್ಲ’ ಎಂಬ ದೂರು ಬರುತ್ತದೆ. ಎಡಿಟಿಂಗ್ ಕೋಣೆಯಲ್ಲಿ ಇಬ್ಬರೋ ಮೂವರೋ ಕೂತು ನೋಡುವಾಗ ಈ ತಪ್ಪು ಕಾಣುವುದೇ ಇಲ್ಲ, ಅಲ್ಲಿ ಯಾರೂ ಹಾಗೆ ಗಟ್ಟಿಯಾಗಿ ನಗುವುದಿಲ್ಲವಲ್ಲ. ಹಾಗಾಗಿ ಅಂತಿಮ ಕಟ್‌ಗೆ ಮೊದಲು ಕಥೆ ಗೊತ್ತಿಲ್ಲದ ಜನರನ್ನು ಕೂಡಿಸಿ ತೋರಿಸಿ, ನಗು ಎಲ್ಲಿ ಎಷ್ಟು ಹೊತ್ತು ನಿಂತಿತು ಎಂದು ಟೈಮ್‌ಕೋಡ್ (ಚಿತ್ರದ ಎಷ್ಟನೇ ನಿಮಿಷ, ಸೆಕೆಂಡ್ ಎಂಬ ಅಂಕಿ) ಸಮೇತ ಗುರುತು ಹಾಕಿಕೊಳ್ಳಬೇಕು.

ಇಲ್ಲೊಂದು ಇಕ್ಕಟ್ಟೂ ಇದೆ. ಹಾಸ್ಯಕ್ಕೆ ನಗೆಯ ನಂತರ ಉಸಿರಾಡಲು ಜಾಗ ಬೇಕು, ಥ್ರಿಲ್ಲರ್‌ಗೆ ಅದೇ ಜಾಗ ಸಡಿಲ ಎನಿಸುತ್ತದೆ. ಆ ಒಂದೆರಡು ಸೆಕೆಂಡ್‌ನಲ್ಲಿ ಮಾಹಿತಿ ಇಲ್ಲದ ಚಲನೆ ತುಂಬುವುದು ಬಲ್ಲವರ ದಾರಿ. ನಾಯಕ ಬಾಗಿಲವರೆಗೆ ನಡೆಯಲಿ, ಬೀಗ ಹುಡುಕಲಿ, ಲಿಫ್ಟ್ ಬರುವವರೆಗೆ ಕಾಯಲಿ. ನಗುವವರು ಏನನ್ನೂ ಕಳೆದುಕೊಳ್ಳುವುದಿಲ್ಲ. ನಗದೇ ಕೂತವರಿಗೆ ಕಥೆ ನಿಂತಂತೆಯೂ ಅನಿಸುವುದಿಲ್ಲ.

ಇನ್ನು ಪತ್ತೇದಾರಿಕೆಯ ಕಸುಬು. ಈ ಭಾಗವನ್ನು ಬರೆಯುವವರು ಹೆಚ್ಚಾಗಿ ಊಹೆಯಿಂದ ಬರೆಯುತ್ತಾರೆ, ಅದಕ್ಕೇ ದೃಶ್ಯಗಳು ಬಡವಾಗುತ್ತವೆ. ನಿಜವಾದ ವಿಧಾನ ಗೊತ್ತಿದ್ದರೆ ಹಾಸ್ಯ ತಾನಾಗಿಯೇ ಸಿಗುತ್ತದೆ. ಬೆನ್ನುಹತ್ತುವುದನ್ನೇ ತೆಗೆದುಕೊಳ್ಳಿ. ಕಾಲ್ನಡಿಗೆಯಲ್ಲಿ ಒಬ್ಬನನ್ನು ಹಿಂಬಾಲಿಸಲು ತರಬೇತಾದವರು ಮೂವರನ್ನು ಬಳಸುತ್ತಾರೆ: ಒಬ್ಬ ಶಂಕಿತನ ಹಿಂದೆ, ಇನ್ನೊಬ್ಬ ಅವನ ಹಿಂದೆ, ಮೂರನೆಯವನು ರಸ್ತೆಯ ಆಚೆ ಬದಿಯಲ್ಲಿ. ಶಂಕಿತ ತಿರುವು ತೆಗೆದುಕೊಂಡಾಗ ಹಿಂದಿದ್ದವನು ನೇರ ಹೋಗಿಬಿಡುತ್ತಾನೆ, ಆಚೆ ಬದಿಯವನು ಅವನ ಜಾಗ ಹಿಡಿಯುತ್ತಾನೆ. ಹೀಗೆ ಒಂದೇ ಮುಖ ಪದೇ ಪದೇ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಹವ್ಯಾಸಿ ಈ ವಿಧಾನವನ್ನು ಪುಸ್ತಕದಲ್ಲಿ ಓದಿದ್ದಾನೆ, ಅವನ ಬಳಿ ಇರುವುದು ಅವನೊಬ್ಬನೇ. ಮೂರೂ ಜಾಗವನ್ನು ಒಬ್ಬನೇ ತುಂಬಲು ಹೊರಡುತ್ತಾನೆ. ಅಂಗಿ ಬದಲಿಸಲು, ರಸ್ತೆ ದಾಟಲು, ಓಡಿ ಮುಂದೆ ಹೋಗಿ ನಿಲ್ಲಲು ಅವನು ಪಡುವ ಪಾಡನ್ನು ಬರೆಯಲು ಬೇರೆ ಜೋಕೇ ಬೇಕಿಲ್ಲ.

ಬೆರಳಚ್ಚಿನಲ್ಲೂ ಹಾಗೆಯೇ. ಗಾಜು, ಲೋಹದಂಥ ನುಣುಪು ಮೇಲ್ಮೈಗೆ ಪುಡಿ ಮತ್ತು ಮೃದುವಾದ ಬ್ರಷ್. ಬಿಳಿ ಮೇಲ್ಮೈಗೆ ಕಪ್ಪು ಪುಡಿ, ಕಪ್ಪು ಮೇಲ್ಮೈಗೆ ಬಿಳಿ ಅಥವಾ ಬೂದು. ಅಚ್ಚು ಮೂಡಿದ ಮೇಲೆ ಪಾರದರ್ಶಕ ಟೇಪಿನಿಂದ ಎತ್ತಿ ಕಾರ್ಡಿಗೆ ಅಂಟಿಸಬೇಕು. ಹವ್ಯಾಸಿಗಳು ಮಾಡುವ ತಪ್ಪು ಪುಡಿ ಜಾಸ್ತಿ ಸುರಿಯುವುದು. ಗೆರೆಗಳ ನಡುವಿನ ಸಂದು ತುಂಬಿ ಅಚ್ಚು ಕಪ್ಪು ಕಲೆಯಾಗುತ್ತದೆ. ಕಾಗದದ ಮೇಲಿನ ಅಚ್ಚಿಗೆ ಸಾಮಾನ್ಯವಾಗಿ ನಿನ್‌ಹೈಡ್ರಿನ್ ದ್ರಾವಣ ಬಳಸುತ್ತಾರೆ. ಶಾಖ, ತೇವ ಕೊಡದಿದ್ದರೆ ನೇರಳೆ ಬಣ್ಣ ಪೂರ್ತಿ ಮೂಡಲು ಒಂದು ದಿನವಾದರೂ ಬೇಕು. ಸಿನಿಮಾದಲ್ಲಿ ಬೆದರಿಕೆ ಪತ್ರದ ಮೇಲೆ ಪುಡಿ ಉದುರಿಸಿ ಉಫ್ ಎಂದು ಊದಿದೊಡನೆ ಮುಖಪುಟದಷ್ಟು ದೊಡ್ಡ ಅಚ್ಚು ಕಾಣಿಸಿದರೆ ಬಲ್ಲವರು ಅಲ್ಲೇ ಕಥೆಯಿಂದ ಹೊರಬೀಳುತ್ತಾರೆ. ಆ ಒಂದು ದಿನದ ಕಾಯುವಿಕೆಯನ್ನೇ ಇಟ್ಟುಕೊಂಡರೆ ಏನೆಲ್ಲ ಮಾಡಬಹುದಿತ್ತು! ಪತ್ರ ಬಚ್ಚಲುಮನೆಯಲ್ಲಿ ನೇತಾಡುತ್ತಿರುವಾಗ ಅದನ್ನು ಬರೆದವನೇ ಮನೆಗೆ ಬರಬಹುದಿತ್ತು.

ರಕ್ತದ ಕಲೆ ಹುಡುಕುವ ಲುಮಿನಾಲ್ ಕೂಡ ಇಂಥದೇ ನಿಧಿ. ಸಿಂಪಡಿಸಿದ ಮೇಲೆ ಕತ್ತಲೆಯಲ್ಲಿ ನೀಲಿ ಹೊಳಪು ಸುಮಾರು 30 ಸೆಕೆಂಡ್ ಕಾಣುತ್ತದೆ, ಅಷ್ಟೆ. ರಕ್ತಕ್ಕೆ ಮಾತ್ರವಲ್ಲ, ಬ್ಲೀಚ್‌ಗೂ ತಾಮ್ರಕ್ಕೂ ಅದು ಹೊಳೆಯುತ್ತದೆ. ಅಂದರೆ ಅಚ್ಚುಕಟ್ಟಾಗಿ ತೊಳೆದ ಪ್ರತಿ ಬಚ್ಚಲೂ ನಮ್ಮ ನಾಯಕನಿಗೆ ಕೊಲೆಯ ಸ್ಥಳ. ಇದು ನಗು. ಅದೇ ತಪ್ಪು ಒಬ್ಬ ನಿರಪರಾಧಿಯ ಮೇಲೆ ಆರೋಪವಾಗಿ ಬಿದ್ದಾಗ ನಗು ನಿಲ್ಲಬೇಕು. ಒದ್ದೆಯಾದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಷ್ಟು ಹಿಡಿದು ಸಾಕ್ಷ್ಯ ಹಾಳಾಗುತ್ತದೆ. ಅದನ್ನು ಒಣಗಿಸಿ ಕಾಗದದ ಚೀಲದಲ್ಲಿಡಬೇಕು. ಸಿನಿಮಾಗಳಲ್ಲಿ ಎಲ್ಲವನ್ನೂ ಪ್ಲಾಸ್ಟಿಕ್ ಚೀಲಕ್ಕೇ ಹಾಕುತ್ತಾರೆ, ಏಕೆಂದರೆ ಒಳಗಿನದು ಕ್ಯಾಮೆರಾಕ್ಕೆ ಕಾಣಬೇಕು. ಆದರೆ ಗೀಳಿನ ಮನುಷ್ಯ ಸಿನಿಮಾ ನೋಡಿ ಕಲಿತು ಹಾಗೆ ಮಾಡಿ, ಇದ್ದ ಒಂದೇ ಸಾಕ್ಷ್ಯವನ್ನು ತಾನೇ ಕೆಡಿಸಿದರೆ ಅದು ಪಾತ್ರಕ್ಕೆ ತಕ್ಕ ಪೆಟ್ಟು.

ಗೋಡೆಯ ಮೇಲೆ ಫೋಟೊ, ಕೆಂಪು ದಾರ, ಪತ್ರಿಕೆಯ ತುಣುಕು ಅಂಟಿಸಿದ ಹಲಗೆಯ ಬಗ್ಗೆ ಎರಡು ಮಾತು. ಅದು ಇಲ್ಲದೆ ಈಗ ಸಿನಿಮಾವೇ ಇಲ್ಲ ಎಂಬಂತಾಗಿದೆ. ಅದರ ತೊಂದರೆ ಎಂದರೆ ಪ್ರೇಕ್ಷಕ ಅದನ್ನು ಓದಲಾರ. ಐದಾರು ವಸ್ತುಗಳಿಗಿಂತ ಹೆಚ್ಚಿದ್ದರೆ ಅದು ಬರೀ ಅಲಂಕಾರ. ಅದರ ಮೇಲಿನ ಬರಹವನ್ನು ಹತ್ತಿರದಿಂದ ತೋರಿಸುವಾಗ, ಸಾಮಾನ್ಯ ವೇಗದಲ್ಲಿ ಎರಡು ಸಲ ಓದುವಷ್ಟು ಹೊತ್ತು ಶಾಟ್ ನಿಲ್ಲಬೇಕು. ಹೊಳೆಯುವ ಕಾಗದದ ಫೋಟೊ ಲೈಟಿಗೆ ಮಿಂಚುತ್ತದೆ, ಮ್ಯಾಟ್ ಪ್ರಿಂಟ್ ಹಾಕಿಸಬೇಕು. ಚಿತ್ರೀಕರಣ ಕಥೆಯ ಕ್ರಮದಲ್ಲಿ ನಡೆಯುವುದಿಲ್ಲವಾದ್ದರಿಂದ ಹಲಗೆಯ ಪ್ರತಿ ಹಂತದ ಫೋಟೊ ತೆಗೆದು ಸೀನ್ ನಂಬರ್ ಬರೆದಿಡಬೇಕು. ಇಲ್ಲದಿದ್ದರೆ ನಲವತ್ತನೇ ಸೀನ್‌ನಲ್ಲಿ ಕಟ್ಟಿದ ದಾರ ಮೂವತ್ತನೆಯದರಲ್ಲೇ ಕಾಣುತ್ತದೆ, ಮತ್ತು ಈ ಬಗೆಯ ಸಿನಿಮಾದ ಪ್ರೇಕ್ಷಕ ಅದನ್ನು ಸುಳಿವೆಂದೇ ತಿಳಿಯುತ್ತಾನೆ. ಅವನ ತಪ್ಪಲ್ಲ. ಪ್ರತಿ ವಸ್ತುವನ್ನೂ ಅನುಮಾನದಿಂದ ನೋಡಲು ಅವನಿಗೆ ಕಲಿಸಿದ್ದು ನಾವೇ. ಕಂಟಿನ್ಯುಟಿಯ, ಅಂದರೆ ಒಂದು ಸೀನ್‌ಗೂ ಇನ್ನೊಂದಕ್ಕೂ ಇರಬೇಕಾದ ಹೊಂದಾಣಿಕೆಯ, ದೋಷ ಬೇರೆ ಸಿನಿಮಾದಲ್ಲಿ ಕ್ಷಮೆ ಪಡೆದೀತು, ಇಲ್ಲಿ ಅದು ಕಥೆಯ ದೋಷ.

‘ಪೊಲೀಸರಿಗೆ ಯಾಕೆ ಹೇಳುವುದಿಲ್ಲ?’ ಎಂಬ ಪ್ರಶ್ನೆಗೆ ಮೊದಲ ಅರ್ಧ ಗಂಟೆಯೊಳಗೆ ಉತ್ತರ ಸಿಗದ ಚಿತ್ರಕಥೆ ಕುಂಟುತ್ತದೆ. ಪೊಲೀಸರನ್ನು ಮೂರ್ಖರನ್ನಾಗಿಸುವುದು ಸುಲಭದ ದಾರಿ, ಅದರಿಂದ ಅಪಾಯದ ತೂಕವೂ ಇಳಿಯುತ್ತದೆ. ಗಟ್ಟಿ ಉತ್ತರಗಳು ನಾಯಕನ ಗೀಳಿನಿಂದಲೇ ಬರುತ್ತವೆ. ಅವನು ಹಿಂದೆ ಸುಳ್ಳು ದೂರು ಕೊಟ್ಟು ಠಾಣೆಯವರ ನಂಬಿಕೆ ಕಳೆದುಕೊಂಡಿದ್ದಾನೆ. ಅಥವಾ ಸಾಕ್ಷ್ಯ ತರಲು ತಾನೇ ಬೇರೆಯವರ ಮನೆಗೆ ನುಗ್ಗಿದ್ದಾನೆ, ಅದನ್ನು ತೋರಿಸಿದರೆ ಸಿಕ್ಕಿಬೀಳುವವನು ಅವನೇ. ಎರಡನೆಯದು ನಮಗೆ ಹೆಚ್ಚು ಮೆಚ್ಚುಗೆ. ಅವನ ಶ್ರದ್ಧೆಯೇ ಅವನ ಬಾಯಿ ಕಟ್ಟುತ್ತದೆ, ಸುಮ್ಮನಿದ್ದಷ್ಟೂ ಅಪಾಯ ಏರುತ್ತದೆ.

ಸಂಗೀತದ ವಿಷಯದಲ್ಲಿ ನಿರ್ಮಾಪಕರೂ ನಿರ್ದೇಶಕರೂ ಧೈರ್ಯ ತೋರಿಸಬೇಕು. ನಾಯಕ ಕಳ್ಳಹೆಜ್ಜೆ ಹಾಕಿದಾಗ ಪ್ರತಿ ಹೆಜ್ಜೆಗೂ ಟಿಂಗ್ ಟಿಂಗ್ ಎಂದು ತಂತಿ ಮೀಟಿಸಿದರೆ ‘ಇಲ್ಲಿ ನಗಿ’ ಎಂದು ಬೋರ್ಡು ಹಿಡಿದಂತೆ. ಒಮ್ಮೆ ಹಾಗೆ ಹೇಳಿಕೊಟ್ಟ ಮೇಲೆ ಅದೇ ನಾಯಕ ಕೊಲೆಗಾರನ ಮನೆಯ ಮೆಟ್ಟಿಲು ಹತ್ತುವಾಗ ಯಾರಿಗೂ ಎದೆ ನಡುಗುವುದಿಲ್ಲ. ಅವನು ತನ್ನನ್ನು ಗಂಭೀರವಾಗಿ ತೆಗೆದುಕೊಂಡಿದ್ದಾನೆ, ಸಂಗೀತವೂ ಅವನನ್ನು ಗಂಭೀರವಾಗಿಯೇ ತೆಗೆದುಕೊಳ್ಳಲಿ. ನಗು ಚಿತ್ರದಿಂದ ಬರುತ್ತದೆ, ಭಯ ಬರಬೇಕಾದಾಗ ಸಂಗೀತದ ನಂಬಿಕೆ ಉಳಿದಿರುತ್ತದೆ.

ನಾವು ಅತ್ಯಂತ ಕಳಕಳಿಯಿಂದ ಹೇಳುವ ಮಾತು ಸತ್ತವರ ಬಗ್ಗೆ. ಹಾಸ್ಯ-ಥ್ರಿಲ್ಲರ್ ಕೆಡುವುದು ಹೆಚ್ಚಾಗಿ ಇಲ್ಲಿಯೇ. ನಗು ಪತ್ತೇದಾರನ ಮೇಲೆ ಬರಲಿ, ಅವನ ವಿಧಾನದ ಮೇಲೆ ಬರಲಿ, ಶವದ ಮೇಲೆ ಬರಬಾರದು. ಕೊಲೆಯಾಗುವವರಿಗೆ ಒಂದು ಹೆಸರು, ಒಂದು ಅಭ್ಯಾಸ, ಬದುಕಿದ್ದಾಗಿನ ಒಂದಾದರೂ ಪೂರ್ತಿ ದೃಶ್ಯ ಇರಬೇಕು. ಎರಡು ನಿಮಿಷದ್ದಾದರೂ ಸಾಕು. ಅವರ ಮನೆಯವರು ಇರುವ ದೃಶ್ಯದಲ್ಲಿ ಜೋಕ್ ಇರಬಾರದು. ಇದು ಸಭ್ಯತೆಯ ಪ್ರಶ್ನೆ ಮಾತ್ರವಲ್ಲ. ಸಾವಿಗೆ ತೂಕವಿಲ್ಲದಿದ್ದರೆ ನಾಯಕನ ಗೀಳಿಗೆ ಅರ್ಥವಿಲ್ಲ, ಅವನು ನಿದ್ದೆಗೆಟ್ಟು ಓಡಾಡುವುದು ಯಾರಿಗಾಗಿ ಎಂದು ನಮಗೆ ಅನಿಸುವುದಿಲ್ಲ.

ಹಾಗೆಯೇ ಗೀಳಿನ ಚಿತ್ರಣ. ಮನೋರೋಗದ ಯಾವುದೋ ಹೆಸರನ್ನು ನಾಯಕನಿಗೆ ಅಂಟಿಸಿ, ಅದರ ಲಕ್ಷಣಗಳನ್ನು ನಗೆಗೆ ಬಳಸಿ, ಕೊನೆಗೆ ಅದೇ ಅವನ ದಿವ್ಯಶಕ್ತಿ ಎಂದು ತೋರಿಸುವುದು ರೂಢಿಯಾಗುತ್ತಿದೆ. ಆ ಕಾಯಿಲೆಯೊಂದಿಗೆ ಬದುಕುವವರಿಗೆ ಇದರಿಂದ ನೋವಾಗುತ್ತದೆ, ಪಾತ್ರವೂ ತೆಳುವಾಗುತ್ತದೆ. ಗೀಳಿಗೆ ಬೆಲೆ ತೆರುವುದನ್ನು ತೋರಿಸಿ: ಕೆಲಸ ಹೋಗುತ್ತದೆ, ಗೆಳೆಯ ಫೋನ್ ಎತ್ತುವುದಿಲ್ಲ, ಅಕ್ಕನ ಮದುವೆ ಮಾತುಕತೆಯ ದಿನ ಅವನು ಯಾರದೋ ಕಾಂಪೌಂಡ್ ಹಾರುತ್ತಿರುತ್ತಾನೆ. ನಗುತ್ತಲೇ ನಮಗೆ ಅವನ ಬಗ್ಗೆ ಕಾಳಜಿ ಹುಟ್ಟುತ್ತದೆ.

ನಗೆಯಿಂದ ಭಯಕ್ಕೆ ದಾಟುವ ಜಾಗ ಯಾವುದು? ನಾಯಕ ಕೊಲೆಗಾರನನ್ನು ಗುರುತಿಸುವ ಜಾಗವಲ್ಲ, ಕೊಲೆಗಾರ ನಾಯಕನನ್ನು ಗುರುತಿಸುವ ಜಾಗ. ಅದು ಪ್ರೇಕ್ಷಕನಿಗೆ ಗೊತ್ತಾಗಬೇಕು, ನಾಯಕನಿಗೆ ಗೊತ್ತಾಗಬಾರದು. ಅಲ್ಲಿಂದ ಮುಂದೆ ಅವನ ಪ್ರತಿ ತಮಾಷೆಯ ಅಭ್ಯಾಸವೂ ಅಪಾಯವಾಗುತ್ತದೆ. ಸಮಯವನ್ನು ಜೋರಾಗಿ ಹೇಳಿ ಬರೆದುಕೊಳ್ಳುತ್ತಿದ್ದವನ ದನಿ ಈಗ ಪಕ್ಕದ ಕೋಣೆಗೆ ಕೇಳುತ್ತದೆ. ಪ್ರೇಕ್ಷಕನಿಗೆ ಹೆಚ್ಚು ಗೊತ್ತಿರುವುದರ ಬಲ ನೋಡಿ: 1954ರ ‘ರಿಯರ್ ವಿಂಡೋ’ ಸಿನಿಮಾದಲ್ಲಿ ಕಾಲು ಮುರಿದು ಕೂತ ಫೋಟೊಗ್ರಾಫರ್‌ಗೆ ಎದುರು ಮನೆಯವನು ಹೆಂಡತಿಯನ್ನು ಕೊಂದನೆಂಬ ಅನುಮಾನ. ಅವನು ತೂಕಡಿಸುತ್ತಿರುವಾಗ ಆ ಶಂಕಿತ ಒಬ್ಬ ಹೆಂಗಸಿನೊಂದಿಗೆ ಮನೆಯಿಂದ ಹೊರಡುವುದನ್ನು ನಾವು ನೋಡುತ್ತೇವೆ, ಅವನು ನೋಡುವುದಿಲ್ಲ. ಅವನಿಗಿಂತ ಒಂದು ಸಂಗತಿ ಹೆಚ್ಚು ತಿಳಿದ ಆ ಕ್ಷಣದಿಂದ ನಮಗೆ ಅವನ ಊಹೆಯ ಮೇಲೂ ಅನುಮಾನ, ಅವನ ಬಗ್ಗೆ ಆತಂಕ. ಕೊನೆಗೆ ಅವನನ್ನು ಕಾಪಾಡಲು ಬರುವುದೂ ಅವನ ಕಸುಬಿನ ಸಾಮಾನೇ, ಫ್ಲ್ಯಾಶ್‌ಬಲ್ಬುಗಳು. ಅವು ಅವನ ಬಳಿ ಇರುವುದು ಸಹಜವಾದ್ದರಿಂದ ಆಕಸ್ಮಿಕ ಎನಿಸುವುದಿಲ್ಲ.

ಕ್ಲೈಮ್ಯಾಕ್ಸ್‌ನಲ್ಲಿ ಎಲ್ಲರನ್ನೂ ಒಂದೆಡೆ ಕೂಡಿಸಿ ಹತ್ತು ನಿಮಿಷ ವಿವರಿಸುವ ಪದ್ಧತಿಯನ್ನು ಕೈಬಿಟ್ಟರೆ ಒಳ್ಳೆಯದು. ಬಿಡಲಾಗದಿದ್ದರೆ ವಿವರಣೆಯನ್ನು ಎರಡು ಮೂರು ಕಡೆ ಹಂಚಿ, ನಡುವೆ ಏನಾದರೂ ನಡೆಯುತ್ತಿರಲಿ. ಮತ್ತು ಆ ವಿವರಣೆಯಲ್ಲಿ ಬರುವ ಶಾಟ್‌ಗಳು ನಾವು ಮೊದಲೇ ನೋಡಿದವಾಗಿರಬೇಕು. ಪ್ರೇಕ್ಷಕ ಎಂದೂ ಕಾಣದ ಶಾಟ್ ಅಲ್ಲಿ ಮೊದಲ ಬಾರಿಗೆ ಬಂದರೆ ರಹಸ್ಯ ಬಿಡಿಸಿದಂತಲ್ಲ, ಉತ್ತರವನ್ನು ಆಗ ಹೊಸದಾಗಿ ತಯಾರಿಸಿದಂತೆ.

ನಿಮ್ಮ ಪತ್ರಿಕೆಯ ವಿಮರ್ಶಕರಲ್ಲಿ ನಮ್ಮ ವಿನಂತಿ ಈ ಕೊನೆಯ ಸಂಗತಿಗೆ ಸಂಬಂಧಿಸಿದ್ದು. ರಹಸ್ಯ ಬಿಟ್ಟುಕೊಡಬಾರದೆಂಬ ಕಾರಣಕ್ಕೆ ವಿಮರ್ಶೆಗಳು ಕಥೆಯ ಕಟ್ಟಿನ ಬಗ್ಗೆ ಮೌನವಾಗಿ, ನಟರ ಟೈಮಿಂಗ್ ಹೊಗಳಿ ಮುಗಿಯುತ್ತವೆ. ಕೊಲೆಗಾರ ಯಾರೆಂದು ಹೇಳದೆಯೂ ಇದನ್ನೆಲ್ಲ ಬರೆಯಬಹುದು: ಉತ್ತರಕ್ಕೆ ಬೇಕಾದ ಸುಳಿವು ಮೊದಲರ್ಧದಲ್ಲೇ ತೆರೆಯ ಮೇಲಿತ್ತೇ, ನಾಯಕನ ತಪ್ಪು ಊಹೆ ಅವನಿಗೆ ಸಿಕ್ಕ ಸಂಗತಿಗಳಿಂದಲೇ ಹುಟ್ಟಿತ್ತೇ, ಕ್ಯಾಮೆರಾ ಎಲ್ಲಾದರೂ ಸುಳ್ಳು ಹೇಳಿತೇ, ಸತ್ತ ವ್ಯಕ್ತಿ ನಮಗೆ ಪರಿಚಯವಾಗಿದ್ದರೇ. ಸಾಧ್ಯವಾದರೆ ಸಿನಿಮಾವನ್ನು ಎರಡನೇ ಸಲ ನೋಡಿ ಬರೆಯಲಿ. ಚಿತ್ರ ಬಿಡುಗಡೆಯಾದ ಮೂರನೇ ವಾರದಲ್ಲಿ, ಉತ್ತರ ಗೊತ್ತಿರುವ ಓದುಗರಿಗಾಗಿಯೇ, ಎಚ್ಚರಿಕೆಯ ಶೀರ್ಷಿಕೆ ಕೊಟ್ಟು, ಸುಳಿವುಗಳನ್ನು ಒಂದೊಂದಾಗಿ ಬಿಡಿಸಿ ನೋಡುವ ಅರ್ಧ ಕಾಲಂ ಜಾಗವನ್ನು ನೀವು ಕೊಟ್ಟರೆ ಇಂಥ ಸಿನಿಮಾ ಬರೆಯಲು ಕೂತವರಿಗೆ ಬಹಳ ಉಪಯೋಗವಾದೀತು.

ಇಂತಿ,
ಒಬ್ಬ ಚಿತ್ರಕಥೆಗಾರ ಮತ್ತು ಒಬ್ಬ ಸಂಕಲನಕಾರ